ಮೇಲೆ ಚಿತ್ರ, ಕೆಳಗೆ ಬರಹ

ಪುಸ್ತಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಕ್ಷರ. ಚಿತ್ರವೇನಿದ್ದರೂ ಓದಲು ಬಾರದವರಿಗೆ, ಇಲ್ಲವೇ ಇನ್ನೂ ಓದು ಕಲಿಯದ ಮಕ್ಕಳಿಗೆ ಎಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಮಗುವೊಂದು ಪುಟದ ಚಿತ್ರವನ್ನೇ ದಿಟ್ಟಿಸುತ್ತ ಕುಳಿತರೆ, 'ಚಿತ್ರ ನೋಡಿದ್ದು ಸಾಕು, ಓದು' ಎಂದು ಗದರುತ್ತೇವೆ. ನೋಡುವುದು ಓದಲ್ಲ ಎಂಬುದು ಈ ಮಾತಿನ ತಾತ್ಪರ್ಯ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನ್ನಂಥವನಿಗೆ ಅಕ್ಷರದ ಮೇಲೆ ಪಕ್ಷಪಾತವಿರುವುದು ಸಹಜವೇ. ಆದರೆ ನಿವೃತ್ತಿಯ ಬಿಡುವಿನಲ್ಲಿ ಪುಸ್ತಕದ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿತು. ಚೀನಾದಲ್ಲಾಗಲಿ ಯುರೋಪಿನಲ್ಲಾಗಲಿ, ಚಿತ್ರವನ್ನು ಪುಸ್ತಕದೊಳಕ್ಕೆ ಕರೆತಂದವರು ಅಕ್ಷರದ ಸೇವೆಗೆಂದು ಕರೆತಂದರು. ಬಂದ ಸೇವಕನೋ, ಹೇಳಿದಷ್ಟನ್ನೇ ಮಾಡಿ ಸುಮ್ಮನಿರುವ ಜಾತಿಯವನಲ್ಲ. ಆ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಥೆಯ ಮೊದಲ ಪುಟದಲ್ಲೇ ನಮ್ಮ ದೇಶದ ಹೆಸರಿದೆ. ಇಸವಿ ನಮೂದಾಗಿ ಇಂದಿಗೂ ಉಳಿದಿರುವ, ಜಗತ್ತಿನ ಅತ್ಯಂತ ಹಳೆಯ ಪೂರ್ಣ ಮುದ್ರಿತ ಪುಸ್ತಕವು ವಜ್ರಚ್ಛೇದಿಕಾ ಸೂತ್ರದ ಚೀನೀ ಪ್ರತಿ. ಕುಮಾರಜೀವನ ಅನುವಾದ ಅದು. ಮುದ್ರಣವಾದದ್ದು ಕ್ರಿ.ಶ. 868ರಲ್ಲಿ. ಚೀನಾದ ವಾಯವ್ಯ ಗಡಿಯ ಡುನ್‌ಹ್ವಾಂಗ್ ಗುಹೆಗಳಲ್ಲಿ ಅಡಗಿದ್ದ ಈ ಸುರುಳಿ 1907ರಲ್ಲಿ ಆರೆಲ್ ಸ್ಟೈನ್ ಎಂಬ ಅನ್ವೇಷಕನ ಕೈಸೇರಿ, ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಸುರುಳಿಯನ್ನು ಬಿಚ್ಚಿದರೆ ಮೊದಲು ಕಾಣುವುದು ಅಕ್ಷರವಲ್ಲ, ಚಿತ್ರ: ಶಿಷ್ಯಪರಿವಾರದ ನಡುವೆ ಕುಳಿತ ಬುದ್ಧ, ಅವನೆದುರು ಮಂಡಿಯೂರಿ ಪ್ರಶ್ನೆ ಕೇಳುತ್ತಿರುವ ವೃದ್ಧ ಸುಭೂತಿ. ವಾಂಗ್ ಜಿಯೆ ಎಂಬಾತ ತನ್ನ ತಂದೆತಾಯಿಗಳ ಪುಣ್ಯಾರ್ಥವಾಗಿ, ಎಲ್ಲರಿಗೂ ಉಚಿತವಾಗಿ ಹಂಚಲೆಂದು ಇದನ್ನು ಮಾಡಿಸಿದನೆಂದು ಕೊನೆಯಲ್ಲಿ ಬರೆದಿದೆ. ಎಲ್ಲರಿಗೂ ಎಂದ ಮೇಲೆ ಓದು ಬಾರದವರಿಗೂ ಎಂದಾಯಿತು. ಸೂತ್ರದ ಒಂದಕ್ಷರವೂ ತಿಳಿಯದವನು ಆ ಚಿತ್ರದ ಮುಂದೆ ಕೈಮುಗಿಯಬಲ್ಲ.

ಇಲ್ಲಿ ಮುದ್ರಣದ ಒಂದು ಮರ್ಮವನ್ನು ಗಮನಿಸಬೇಕು. ಚೀನಾದವರು ಪುಟದ ಬರಹವನ್ನು ತೆಳುಕಾಗದದ ಮೇಲೆ ಬರೆದು, ಹಲಗೆಯ ಮೇಲೆ ಮಗುಚಿ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಿದ್ದರು. ಉಬ್ಬಿ ನಿಂತ ಗೆರೆಗಳಿಗೆ ಮಸಿ ಸವರಿ, ಮೇಲೆ ಕಾಗದ ಹಾಸಿ ಉಜ್ಜಿದರೆ ಪುಟ ಸಿದ್ಧ. ಬಿಡಿ ಅಚ್ಚುಮೊಳೆಗಳ ತಂತ್ರ ಅವರಿಗೆ ತಿಳಿಯದ್ದೇನಲ್ಲ. 11ನೆಯ ಶತಮಾನದ ನಡುಭಾಗದಲ್ಲೇ ಬೀ ಷೆಂಗ್ ಎಂಬಾತ ಸುಟ್ಟ ಮಣ್ಣಿನ ಮೊಳೆಗಳನ್ನು ಮಾಡಿದ್ದ. ಆದರೆ ಸಾವಿರಾರು ಲಿಪಿಚಿಹ್ನೆಗಳ ಆ ಭಾಷೆಗೆ ಹಲಗೆಯೇ ಅನುಕೂಲವಾಗಿತ್ತು. ಹಲಗೆಗೆ ಅಕ್ಷರವೂ ಗೆರೆಯೇ, ಮರವೂ ಗೆರೆಯೇ, ಕುದುರೆಯೂ ಗೆರೆಯೇ. ಒಂದೇ ಉಳಿ, ಒಂದೇ ಹಲಗೆ, ಒಂದೇ ಮಸಿ. ಚಿತ್ರಕ್ಕೆಂದು ಬೇರೆ ಯಂತ್ರವಾಗಲಿ ಬೇರೆ ಕಾಗದವಾಗಲಿ ಬೇಕಿರಲಿಲ್ಲ.

ಈ ಅನುಕೂಲದಿಂದಲೇ ಫೂಜಿಯನ್ ಪ್ರಾಂತ್ಯದ ಜಿಯೆನ್‌ಆನ್ ಎಂಬಲ್ಲಿ ಒಂದು ಹೊಸ ಬಗೆಯ ಪುಟ ರೂಢಿಗೆ ಬಂದಿತು. 1321ರಿಂದ 1323ರ ಅವಧಿಯಲ್ಲಿ ಅಲ್ಲಿ ಅಚ್ಚಾದ ಐದು ಚರಿತ್ರಕಥೆಗಳು ಉಳಿದು ಬಂದಿವೆ. ಮೂರು ರಾಜ್ಯಗಳ ಪ್ರಸಿದ್ಧ ಕಥೆ ಅವುಗಳಲ್ಲೊಂದು. ಪ್ರತಿ ಪುಟದ ಮೇಲ್ಭಾಗದಲ್ಲಿ ಚಿತ್ರದ ಪಟ್ಟಿ, ಅದರ ಕೆಳಗೆ ಕಥೆ. 'ಮೇಲೆ ಚಿತ್ರ, ಕೆಳಗೆ ಬರಹ' ಎಂದೇ ಚೀನೀಯರು ಈ ಬಗೆಯನ್ನು ಕರೆಯುತ್ತಾರೆ. ಪಂಡಿತರಿಗಾಗಿ ಹುಟ್ಟಿದ ಪುಟ ಇದಲ್ಲ. ಸಂತೆಯಲ್ಲಿ ಕಥೆಗಾರನ ಬಾಯಿಂದ ಕೇಳಿದ್ದನ್ನು ಮನೆಯಲ್ಲಿ ಮತ್ತೆ ಮೆಲುಕು ಹಾಕಬಯಸುವ ಸಾಧಾರಣ ಜನರ ಪುಟ. 1498ರಲ್ಲಿ ಪೀಕಿಂಗಿನ ಯೂಯೆ ಮನೆತನದ ಮುದ್ರಕರು 'ಪಶ್ಚಿಮ ಮಂದಿರದ ಕಥೆ' ಎಂಬ ಪ್ರೇಮನಾಟಕವನ್ನು ಹೀಗೆಯೇ ಸಚಿತ್ರವಾಗಿ ಹೊರತಂದು, ಹಾಡೂ ಚಿತ್ರವೂ ಹೊಂದಿಕೊಂಡಿರುವ ಈ ಪುಸ್ತಕ ಛತ್ರದಲ್ಲಿ ತಂಗಿದವರಿಗೂ ದೋಣಿಯಲ್ಲಿ ಪಯಣಿಸುವವರಿಗೂ ಮನಸ್ಸಿಗೆ ಉಲ್ಲಾಸ ಕೊಡಲಿ ಎಂಬರ್ಥದ ಮಾತನ್ನು ಕೊನೆಗೆ ಸೇರಿಸಿದರು. ಓದುಗರನ್ನು ಇಷ್ಟು ಅಕ್ಕರೆಯಿಂದ ನೆನೆದ ಪ್ರಕಾಶಕರು ಎಲ್ಲ ಕಾಲಕ್ಕೂ ವಿರಳವೇ.

ಇನ್ನು ಅರಮನೆಗೆ ಬರೋಣ. 1572ರಲ್ಲಿ ಮಿಂಗ್ ಸಿಂಹಾಸನವನ್ನೇರಿದ ವಾನ್‌ಲಿ ಇನ್ನೂ ಎಳೆಯ ಬಾಲಕ. ರಾಜ್ಯಭಾರದ ಹೊಣೆಯೊಂದಿಗೆ ಬಾಲಕನ ಶಿಕ್ಷಣದ ಹೊಣೆಯೂ ಮಹಾಮಂತ್ರಿ ಜಾಂಗ್ ಜೂಜೆಂಗನ ಮೇಲೆ ಬಿದ್ದಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದನ್ನು ಆತ ಬಲ್ಲವನಾಗಿದ್ದ. ಹಿಂದಿನ ಚಕ್ರವರ್ತಿಗಳ ಚರಿತ್ರೆಯನ್ನು ಶೋಧಿಸಿ, ಅನುಕರಿಸಬೇಕಾದ 81 ಪ್ರಸಂಗಗಳನ್ನೂ ತೊರೆಯಬೇಕಾದ 36 ಪ್ರಸಂಗಗಳನ್ನೂ ಆಯ್ದು, ಒಂದೊಂದಕ್ಕೂ ಒಂದು ಚಿತ್ರ ಮತ್ತು ಸರಳವಾದ ವಿವರಣೆಯನ್ನು ಜೋಡಿಸಿ, 'ಚಕ್ರವರ್ತಿಯ ಕನ್ನಡಿ' ಎಂಬರ್ಥದ ಹೆಸರಿನ ಸಚಿತ್ರ ಗ್ರಂಥವನ್ನು ಬಾಲಕನ ಮುಂದಿಟ್ಟ. ಪ್ರೇಯಸಿಯನ್ನು ನಗಿಸಲೆಂದು ಯುದ್ಧಸೂಚಕ ಬೆಂಕಿಗಳನ್ನು ಸುಮ್ಮಸುಮ್ಮನೆ ಹೊತ್ತಿಸಿದ ಅರಸನೂ, ಗ್ರಂಥಗಳನ್ನು ಸುಟ್ಟು ಪಂಡಿತರನ್ನು ಹೂಳಿಸಿದ ಮೊದಲ ಚಕ್ರವರ್ತಿಯೂ ಆ 36ರಲ್ಲಿದ್ದಾರೆ. ಜಗತ್ತಿನ ಅತಿದೊಡ್ಡ ರಾಜ್ಯದ ಒಡೆಯನಿಗೆ ಒಬ್ಬ ಮೇಷ್ಟರು ಮಾಡಿಸಿಕೊಟ್ಟ ಚಿತ್ರಪುಸ್ತಕವಿದು.

ಫಲವೇನಾಯಿತು? 1582ರಲ್ಲಿ ಜಾಂಗ್ ತೀರಿಕೊಂಡ. ಎರಡು ವರ್ಷ ಕಳೆಯುವುದರೊಳಗೆ ಶಿಷ್ಯನು ಗುರುವಿನ ಬಿರುದುಗಳನ್ನು ಕಿತ್ತುಕೊಂಡು, ಆಸ್ತಿಯನ್ನು ಮುಟ್ಟುಗೋಲು ಹಾಕಿಸಿ, ಅವನ ಕುಟುಂಬವನ್ನು ಹಾಳುಮಾಡಿದ. ಮುಂದೆ ದಶಕಗಳ ಕಾಲ ವಾನ್‌ಲಿ ರಾಜಸಭೆಗೆ ಬರುವುದನ್ನೇ ನಿಲ್ಲಿಸಿದ. ಪಾಠ ಹೇಳಿ ಬದುಕಿದ ನನಗೆ ಈ ಪ್ರಸಂಗವನ್ನೋದುವಾಗ ನಗುವೂ ಬರುತ್ತದೆ, ಮನಸ್ಸೂ ಭಾರವಾಗುತ್ತದೆ. ಕನ್ನಡಿಯನ್ನು ಹಿಡಿಯಬಹುದು, ಅದರಲ್ಲಿ ಏನನ್ನು ಕಾಣಬೇಕೆಂದು ನೋಡುವ ಕಣ್ಣಿಗೆ ಆಜ್ಞೆ ಮಾಡಲಾಗದು.

ಇತ್ತ ಯುರೋಪಿನಲ್ಲಿ ಮುದ್ರಣ ಹಿಡಿದ ದಾರಿಯೇ ಬೇರೆ. ಅಲ್ಲಿಯೂ ಮೊದಲಿಗೆ ಹಲಗೆಯ ಅಚ್ಚುಗಳಿದ್ದವು; ಆದರೆ 15ನೆಯ ಶತಮಾನದ ನಡುವೆ ಗೂಟೆನ್‌ಬರ್ಗನ ಲೋಹದ ಅಚ್ಚುಮೊಳೆಗಳು ಬಂದು ಅಕ್ಷರವನ್ನು ಚಿತ್ರದಿಂದ ಬೇರ್ಪಡಿಸಿದವು. ಅಕ್ಷರ ಜೋಡಿಸುವವನೊಬ್ಬ, ಚಿತ್ರ ಕೆತ್ತುವವನೊಬ್ಬ. 1461ರಲ್ಲಿ ಬಾಂಬರ್ಗ್ ಪಟ್ಟಣದ ಆಲ್ಬ್ರೆಕ್ಟ್ ಫಿಸ್ಟರ್ ನೀತಿಕಥೆಗಳ ಪುಸ್ತಕವೊಂದರಲ್ಲಿ ಮೊಳೆಯಕ್ಷರವನ್ನೂ ಮರದಚ್ಚಿನ ಚಿತ್ರವನ್ನೂ ಒಟ್ಟುಗೂಡಿಸಿದ್ದು ದೊಡ್ಡ ಸಾಹಸವೆಂದೇ ಹೇಳಬೇಕು. ಮುಂದೆ ತಾಮ್ರದ ತಗಡಿನ ಕೆತ್ತನೆ ಬಳಕೆಗೆ ಬಂದಾಗ ಅಂತರ ಇನ್ನೂ ಹೆಚ್ಚಿತು. ಮೊಳೆಯಲ್ಲಿ ಮಸಿ ನಿಲ್ಲುವುದು ಉಬ್ಬಿನ ಮೇಲೆ, ತಾಮ್ರದಲ್ಲಿ ನಿಲ್ಲುವುದು ಕೊರೆದ ಗೆರೆಯ ಒಳಗೆ. ಆ ಮಸಿಯನ್ನು ಕಾಗದಕ್ಕೆ ಎಳೆದುಕೊಳ್ಳಲು ಉರುಳೆಯ ಬೇರೆ ಯಂತ್ರವೇ ಬೇಕು. ಹೀಗಾಗಿ ಬೆಲೆಬಾಳುವ ಪುಸ್ತಕಗಳಲ್ಲಿ ಚಿತ್ರವು ಬೇರೊಂದು ಹಾಳೆಯಾಗಿ, ಊಟದ ಪಂಕ್ತಿಯಲ್ಲಿ ದೂರ ಕುಳ್ಳಿರಿಸಿದ ಅತಿಥಿಯಂತೆ, ಬರಹದಿಂದ ಪ್ರತ್ಯೇಕವಾಯಿತು.

ಈ ಎರಡು ದಾರಿಗಳು ಒಮ್ಮೊಮ್ಮೆ ಒಂದನ್ನೊಂದು ಸಂಧಿಸಿದ್ದೂ ಉಂಟು. 1593ರಲ್ಲಿ ಆಂಟ್‌ವರ್ಪಿನಲ್ಲಿ ಜೆಸ್ಯುಟ್ ಪಾದ್ರಿ ನಡಾಲನ ಕ್ರಿಸ್ತಚರಿತ್ರೆಯ ಚಿತ್ರಸಂಪುಟ ತಾಮ್ರದ ಕೆತ್ತನೆಗಳಲ್ಲಿ ಪ್ರಕಟವಾಯಿತು. 1637ರಲ್ಲಿ ಪಾದ್ರಿ ಅಲೇನಿ ಫೂಜಿಯನ್ನಿನಲ್ಲಿ, ಅಂದರೆ ಮೇಲೆ ಚಿತ್ರ ಕೆಳಗೆ ಬರಹದ ತೌರೂರಿನಲ್ಲೇ, ಅವೇ ಚಿತ್ರಗಳನ್ನು ಚೀನೀ ಕುಶಲಿಗಳಿಂದ ಮರದ ಹಲಗೆಯಲ್ಲಿ ಕೆತ್ತಿಸಿದ. ಪಯಣ ಒಮ್ಮುಖವಾಗಿರಲಿಲ್ಲ. ಜಾಂಗ್ ಜೂಜೆಂಗ್ ತನ್ನ ಶಿಷ್ಯನಿಗಾಗಿ ಆರಿಸಿದ ಪ್ರಸಂಗಗಳ ಚಿತ್ರಗಳು ಪಾದ್ರಿಗಳ ಮೂಲಕ ಫ್ರಾನ್ಸಿಗೆ ಹೋಗಿ, 1788ರಲ್ಲಿ ಹೆಲ್ಮಾನ್ ಎಂಬ ಕೆತ್ತನೆಗಾರನ ಕೈಯಲ್ಲಿ ತಾಮ್ರಪಟಗಳಾಗಿ ಪ್ಯಾರಿಸ್ಸಿನಲ್ಲಿ ಪ್ರಕಟವಾದವು. ಒಳ್ಳೆಯ ಅರಸ, ಕೆಟ್ಟ ಅರಸರ ಆ ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರಕಟವಾದ ಮರುವರ್ಷವೇ ಅಲ್ಲಿ ಮಹಾಕ್ರಾಂತಿ ಸಿಡಿಯಿತು. ಒಂದಕ್ಕೊಂದು ಕಾರಣವೆಂದು ನಾನು ಹೇಳುತ್ತಿಲ್ಲ. ಕಾಲದ ವಿನೋದವನ್ನು ತೋರಿಸುತ್ತಿದ್ದೇನೆ, ಅಷ್ಟೆ.

ಯುರೋಪಿನಲ್ಲಿ ಮಕ್ಕಳಿಗೆಂದೇ ಹುಟ್ಟಿದ ಮೊದಮೊದಲ ಚಿತ್ರಪುಸ್ತಕಗಳಲ್ಲಿ ಮುಖ್ಯವಾದದ್ದು ಕೊಮೇನಿಯಸನ 'ಚಿತ್ರಪ್ರಪಂಚ'. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಅಚ್ಚಾಯಿತು. ಮರುವರ್ಷವೇ ಇಂಗ್ಲಿಷಿಗೆ ಬಂದಿತು. ಸುಮಾರು 150 ಪಾಠಗಳು. ಪ್ರತಿ ಪಾಠಕ್ಕೂ ಮರದಚ್ಚಿನ ಒಂದು ಚಿತ್ರ. ಚಿತ್ರದೊಳಗಿನ ಕುಲುಮೆ, ಸುತ್ತಿಗೆ, ಅಡಿಗಲ್ಲುಗಳಿಗೆ ಒಂದೊಂದು ಅಂಕಿ. ಅದೇ ಅಂಕಿ ಪಕ್ಕದ ಪದಕ್ಕೂ. ಮಗು ವಸ್ತುವಿನಿಂದ ಪದಕ್ಕೂ ಪದದಿಂದ ವಸ್ತುವಿಗೂ ಬೆರಳಿಟ್ಟು ಓಡಾಡಬಹುದು. ಛಡಿಯೇಟಿನಿಂದ ಲ್ಯಾಟಿನ್ ಕಲಿಸುತ್ತಿದ್ದ ಕಾಲಕ್ಕೆ ಇದು ಕರುಣೆಯ ಕೆಲಸ. ಬರೆದವನ ಬದುಕಿನಲ್ಲಿ ಮಾತ್ರ ಕರುಣೆಯ ಅಂಶ ಕಡಮೆ. ಮೂವತ್ತು ವರ್ಷಗಳ ಯುದ್ಧದಲ್ಲಿ ಕೊಮೇನಿಯಸ್ ತಾಯ್ನಾಡನ್ನು ಕಳೆದುಕೊಂಡ. ಪ್ಲೇಗು ಹೆಂಡತಿ ಮಕ್ಕಳನ್ನು ಒಯ್ದಿತು. 1656ರಲ್ಲಿ ಲೆಷ್ನೋ ಪಟ್ಟಣ ಬೆಂಕಿಗೆ ಬಿದ್ದಾಗ ದಶಕಗಳ ದುಡಿಮೆಯ ಹಸ್ತಪ್ರತಿಗಳು ಬೂದಿಯಾದವು. ಇಷ್ಟೆಲ್ಲ ಆದ ಎರಡು ವರ್ಷಕ್ಕೆ, ಲೋಕವು ಒಂದೊಂದಾಗಿ ಹೆಸರಿಟ್ಟು ಮಗುವಿಗೆ ತೋರಿಸಲು ಯೋಗ್ಯವಾದದ್ದು ಎಂದು ಹೇಳುವ ಪುಸ್ತಕವನ್ನು ಆತ ಲೋಕಕ್ಕೆ ಕೊಟ್ಟ. ಚಿತ್ರಪುಸ್ತಕದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಇಷ್ಟು ಕಲಕಿದ ಸಂಗತಿ ಇನ್ನೊಂದಿಲ್ಲ.

ದೂರವಾಗಿದ್ದ ಚಿತ್ರವನ್ನು ಮತ್ತೆ ಅಕ್ಷರದ ಪಕ್ಕಕ್ಕೆ ತಂದವರಲ್ಲಿ ಪ್ರಮುಖನು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಥಾಮಸ್ ಬ್ಯೂಯಿಕ್. ಮರದ ಅಡ್ಡಕೊಯ್ತದ ಗಟ್ಟಿ ಮೈಮೇಲೆ ಲೋಹದ ಕೆತ್ತನೆಯಷ್ಟೇ ನಯವಾಗಿ ಗೆರೆ ತೆಗೆಯಬಹುದೆಂದೂ, ಅದನ್ನು ಅಚ್ಚುಮೊಳೆಗಳೊಡನೆ ಒಂದೇ ಚೌಕಟ್ಟಿನಲ್ಲಿ ಬಿಗಿದು ಮುದ್ರಿಸಬಹುದೆಂದೂ ಆತ ತೋರಿಸಿಕೊಟ್ಟ. ಅವನ ಹಕ್ಕಿಗಳ ಸಂಪುಟಗಳು 1797 ಮತ್ತು 1804ರಲ್ಲಿ ಹೊರಬಂದವು. ಸಾಹಿತ್ಯಾಸಕ್ತರಿಗೆ ಈ ಪುಸ್ತಕದ ಪರಿಚಯ ಬೇರೆ ಕಡೆಯಿಂದ ಆಗಿರುತ್ತದೆ. ಶಾರ್ಲೆಟ್ ಬ್ರಾಂಟಿಯ 'ಜೇನ್ ಏರ್' ಕಾದಂಬರಿಯ (1847) ಮೊದಲ ಅಧ್ಯಾಯದಲ್ಲಿ ಅನಾಥ ಬಾಲಕಿ ಜೇನ್ ಪರದೆಯ ಹಿಂದೆ ಕಿಟಕಿಯ ಪೀಠದಲ್ಲಿ ಮುದುಡಿ ಕುಳಿತು ನೋಡುವುದು ಇದೇ ಬ್ಯೂಯಿಕನ ಪುಸ್ತಕವನ್ನು. ಬರಹದ ಗೊಡವೆ ಅವಳಿಗೆ ಹೆಚ್ಚಿಲ್ಲ. ಒಂದೊಂದು ಚಿತ್ರವೂ ಅವಳಿಗೆ ಒಂದೊಂದು ಕಥೆ. ಮನೆಯೊಡತಿಯ ಮಗ ಬಂದು, ಈ ಪುಸ್ತಕಗಳು ನಮ್ಮವು ಎಂದು ಕಿತ್ತುಕೊಂಡು ಅವಳ ಮೇಲೇ ಎಸೆಯುತ್ತಾನೆ. ತಲೆಗೆ ಗಾಯವಾಗಿ ರಕ್ತ ಸುರಿಯುತ್ತದೆ. ಅಂದು ಮೊದಲ ಬಾರಿಗೆ ಅವಳು ತಿರುಗಿಬೀಳುತ್ತಾಳೆ. ಅನ್ನಕ್ಕೂ ಬಟ್ಟೆಗೂ ಪರರ ಹಂಗಿನಲ್ಲಿದ್ದ ಆ ಮಗುವಿಗೆ ಸ್ವಂತದ್ದೆಂಬುದು ಇದ್ದದ್ದು ಆ ಚಿತ್ರಗಳಲ್ಲಿ ಮಾತ್ರ. ಅದನ್ನು ಕಸಿದುಕೊಂಡಾಗ ಸಹನೆಯೂ ಮುಗಿಯಿತು.

1878ರಿಂದ ಲಂಡನ್ನಿನಲ್ಲಿ ಮುದ್ರಕ ಎಡ್ಮಂಡ್ ಎವಾನ್ಸ್ ಮತ್ತು ಚಿತ್ರಕಾರ ರಾಂಡಾಲ್ಫ್ ಕಾಲ್ಡೆಕಾಟ್ ಕೂಡಿ ಬಣ್ಣದ ಚಿತ್ರಪುಸ್ತಕಗಳನ್ನು ವರ್ಷವರ್ಷವೂ ತರತೊಡಗಿದರು. ಬಣ್ಣಕ್ಕೊಂದು ಹಲಗೆಯಂತೆ ಒಂದರ ಮೇಲೊಂದು ಒತ್ತುವ ಎವಾನ್ಸನ ವಿಧಾನವನ್ನು ಹೋಲುವ ವಿದ್ಯೆ, ಸುಮಾರು 250 ವರ್ಷಗಳ ಹಿಂದೆಯೇ ನಾನ್‌ಜಿಂಗ್ ನಗರದ ಹೂ ಜೆಂಗ್‌ಯೆನ್ ಹೊರತಂದ 'ಹತ್ತು ಬಿದಿರುಗಳ ಮಂದಿರ'ದ ಚಿತ್ರಸಂಪುಟದಲ್ಲಿ ಪರಿಪೂರ್ಣವಾಗಿತ್ತು. ಕಾಲ್ಡೆಕಾಟನ ಹೆಚ್ಚುಗಾರಿಕೆ ಬಣ್ಣದಲ್ಲಿಲ್ಲ. ತಟ್ಟೆಯೊಂದು ಚಮಚದ ಜೊತೆಗೂಡಿ ಓಡಿಹೋಗುವ ಶಿಶುಗೀತೆಯೊಂದು ಇಂಗ್ಲಿಷಿನಲ್ಲಿದೆ. ಪದ್ಯ ಅಲ್ಲಿಗೆ ನಗುನಗುತ್ತ ಮುಗಿಯುತ್ತದೆ. ಕಾಲ್ಡೆಕಾಟ್ ಕೊನೆಗೆ ಒಂದು ಚಿತ್ರ ಸೇರಿಸಿದ: ತಟ್ಟೆ ಒಡೆದು ಚೂರುಚೂರಾಗಿ ಬಿದ್ದಿದೆ, ಚಮಚವನ್ನು ಅವಳ ತಂದೆತಾಯಿಗಳಾದ ಚಾಕು, ಮುಳ್ಳುಚಮಚಗಳು ಎಳೆದೊಯ್ಯುತ್ತಿವೆ! ಪದ್ಯ ಬಾಯಿಬಿಡದ ದುರಂತವನ್ನು ಚಿತ್ರ ಹೇಳಿಬಿಟ್ಟಿತು. ಸೇವಕನು ಒಡೆಯನ ಮಾತಿಗೆ ತನ್ನದೊಂದು ಮಾತು ಸೇರಿಸಿದ್ದು ಹೀಗೆ.

ಮತ್ತೆ ಚೀನಾಕ್ಕೆ ಹೋಗೋಣ. ಆಧುನಿಕ ಚೀನೀ ಸಾಹಿತ್ಯದ ಮಹಾಲೇಖಕ ಲು ಷುನ್ ಹುಟ್ಟಿದ್ದು 1881ರಲ್ಲಿ. 1926ರಲ್ಲಿ ಆತ ಬರೆದ ಬಾಲ್ಯದ ನೆನಪುಗಳಲ್ಲಿ ಎರಡು ಚಿತ್ರಪುಸ್ತಕಗಳ ಪ್ರಸ್ತಾಪವಿದೆ. ಒಂದು, 'ಪರ್ವತ ಸಾಗರಗಳ ಗ್ರಂಥ'. ಮನುಷ್ಯಮುಖದ ಮೃಗಗಳೂ ಒಂಬತ್ತು ತಲೆಯ ಹಾವುಗಳೂ ತುಂಬಿದ ಈ ಪುಸ್ತಕಕ್ಕಾಗಿ ಬಾಲಕ ಹಂಬಲಿಸುತ್ತಿದ್ದ. ಓದಿದ ಬಂಧುಗಳು ಯಾರೂ ತಂದುಕೊಡಲಿಲ್ಲ. ತಂದುಕೊಟ್ಟವಳು ಅಕ್ಷರ ಬಾರದ ದಾದಿ; ಪುಸ್ತಕದ ಹೆಸರನ್ನು ನೆಟ್ಟಗೆ ಉಚ್ಚರಿಸಲೂ ಅವಳಿಂದಾಗುತ್ತಿರಲಿಲ್ಲ. ಒರಟು ಅಚ್ಚಿನ ಆ ನಾಲ್ಕು ಪುಟ್ಟ ಸಂಪುಟಗಳನ್ನು ಲು ಷುನ್ ಜೀವಮಾನದ ನಿಧಿಯೆಂದು ನೆನೆದಿದ್ದಾನೆ. ಇನ್ನೊಂದು, ಹಿರಿಯರೊಬ್ಬರು ಉಡುಗೊರೆಯಾಗಿ ಕೊಟ್ಟ 'ಇಪ್ಪತ್ತನಾಲ್ಕು ಮಾತಾಪಿತೃಭಕ್ತರ ಚಿತ್ರಗಳು'. ಇದರಲ್ಲಿ ಮೇಲೆ ಬರಹ, ಕೆಳಗೆ ಚಿತ್ರ. ಅದರಲ್ಲಿ ಗುವೋ ಜೂ ಎಂಬ ಬಡವನ ಕಥೆಯಿದೆ. ಮುದಿ ತಾಯಿ ತನ್ನ ಪಾಲಿನ ಅನ್ನವನ್ನು ಮೊಮ್ಮಗನಿಗೆ ಕೊಡುತ್ತಾಳೆಂದು, ತಾಯಿಯ ಹೊಟ್ಟೆ ತುಂಬಲೆಂದು, ಆತ ಮಗುವನ್ನು ಜೀವಸಹಿತ ಹೂಳಲು ಗುಂಡಿ ತೋಡುತ್ತಾನೆ. ಗುಂಡಿಯಲ್ಲಿ ಹೊನ್ನು ಸಿಗುತ್ತದೆ, ಭಕ್ತಿ ಗೆಲ್ಲುತ್ತದೆ. ಇದು ಬರಹದ ಮಾತು. ಚಿತ್ರದಲ್ಲಿ ಕಂಡದ್ದೇನು? ತಾಯಿಯ ತೋಳಿನಲ್ಲಿ ಗಿಲಕಿ ಹಿಡಿದು ನಗುತ್ತಿರುವ ಮಗು, ಪಕ್ಕದಲ್ಲಿ ಅದಕ್ಕಾಗಿ ತೋಡುತ್ತಿರುವ ಗುಂಡಿ. ಬಾಲಕ ಲು ಷುನನ ಮೈ ಬೆವರಿತು. ಮನೆಯ ಸ್ಥಿತಿ ಕುಸಿಯುತ್ತಿತ್ತು. ಅಜ್ಜಿಯ ತಲೆ ನರೆತಿತ್ತು. ತನ್ನ ತಂದೆಯೂ ಈ ಪುಸ್ತಕವನ್ನೋದಿ ಭಕ್ತಪುತ್ರನಾಗಹೊರಟರೆ ಹೂಳುವುದು ತನ್ನನ್ನೇ ಅಲ್ಲವೇ ಎಂಬ ಭಯ ಹತ್ತಿತು.

ಬರಹ ಮಾತ್ರವಿದ್ದಿದ್ದರೆ ಆ ಕಥೆ ಎಷ್ಟೋ ನೀತಿಕಥೆಗಳಂತೆ ಬಾಯಿಪಾಠವಾಗಿ ಕಿವಿಯ ಮೇಲೆ ಹಾದುಹೋಗುತ್ತಿತ್ತೇನೋ. ಚಿತ್ರ ಹಾಗೆ ಬಿಡಲಿಲ್ಲ. 'ಮಗು' ಎಂಬ ಪದಕ್ಕೆ ಮುಖವಿಲ್ಲ. ಚಿತ್ರಕಾರನಾದರೋ ಮುಖವನ್ನು ಬರೆಯಲೇಬೇಕು. ಮುಖ ಬಂದೊಡನೆ ಪ್ರಶ್ನೆಯೂ ಬರುತ್ತದೆ. ಹಳೆಯ ನೀತಿಯನ್ನು ಬಿತ್ತಲು ಕೊಟ್ಟ ಪುಸ್ತಕವೇ ಆ ನೀತಿಯ ಕಟುವಿಮರ್ಶಕನನ್ನು ಬೆಳೆಸಿತು.

ಅಂಥವನು ಮುಂದೆ ಚಿತ್ರದ ಪರವಾಗಿ ನಿಂತದ್ದು ಆಶ್ಚರ್ಯವಲ್ಲ. 1925ರಿಂದ ಶಾಂಘೈಯ ಪ್ರಕಾಶನಸಂಸ್ಥೆಯೊಂದು ಮೂರು ರಾಜ್ಯಗಳ ಕಥೆಯೇ ಮೊದಲಾದುವನ್ನು 'ಸರಪಣಿಚಿತ್ರ'ಗಳೆಂಬ ಹೆಸರಿನ ಪುಟ್ಟ ಪುಸ್ತಕಗಳಾಗಿ ತಂದಿತು. ಬೀದಿಬದಿಯ ಬಾಡಿಗೆ ಅಂಗಡಿಗಳಲ್ಲಿ ಕಾಸು ಕೊಟ್ಟು, ಮಣೆಯ ಮೇಲೆ ಕುಳಿತು, ಮಕ್ಕಳೂ ಕೂಲಿಕಾರರೂ ಅವನ್ನು ನೋಡುತ್ತಿದ್ದರು. ಈ ಕ್ಷುದ್ರಪುಸ್ತಕಗಳಿಂದ ಟಾಲ್‌ಸ್ಟಾಯ್ ಹುಟ್ಟಲಾರ ಎಂದು ವಿಮರ್ಶಕನೊಬ್ಬ ಹಳಿದಾಗ, 1932ರಲ್ಲಿ ಲು ಷುನ್ ಅವುಗಳ ಸಮರ್ಥನೆಗೆ ಲೇಖನವನ್ನೇ ಬರೆದ. ಇಟಲಿಯ ಮಹಾಶಿಲ್ಪಿಗಳ ಭಿತ್ತಿಚಿತ್ರಗಳು ಕೂಡ ಸರಪಣಿಚಿತ್ರಗಳೇ ಅಲ್ಲವೇ ಎಂಬುದು ಅವನ ವಾದ. ಮರುವರ್ಷ, 1933ರಲ್ಲಿ, ಬೆಲ್ಜಿಯಮ್ಮಿನ ಕಲಾವಿದ ಮಾಸರೇಲನ, ಮಾತೇ ಇಲ್ಲದ ಮರದಚ್ಚಿನ ನಾಲ್ಕು ಚಿತ್ರಕಾದಂಬರಿಗಳು ಶಾಂಘೈಯಲ್ಲಿ ಪ್ರಕಟವಾದವು. ಒಂದಕ್ಕೆ ಲು ಷುನನೇ ಮುನ್ನುಡಿ ಬರೆದ. ಹಲಗೆಯ ಕೆತ್ತನೆಯನ್ನು ಬಹುಕಾಲದಿಂದ ಬಲ್ಲ ನಾಡಿಗೆ ಆ ಕಲೆ ಪಶ್ಚಿಮದಿಂದ ಹೊಸ ವೇಷದಲ್ಲಿ ಮರಳಿತು. 1947ರಿಂದ ಜಾಂಗ್ ಲೆಪಿಂಗ್ ಪತ್ರಿಕೆಯಲ್ಲಿ ಬರೆದ ಸಾನ್‌ಮಾವೊ ಎಂಬ ಮೂರೇ ಕೂದಲಿನ ಅನಾಥ ಬಾಲಕನ ಅಲೆದಾಟಕ್ಕೂ ಮಾತು ಬೇಕಾಗಲಿಲ್ಲ. ಶಾಂಘೈಯ ಬೀದಿಗಳ ಹಸಿವು ಗೆರೆಗಳಲ್ಲೇ ಕಂಡಿತು.

ಚಿತ್ರಕ್ಕೆ ಇಷ್ಟು ಬಲವಿದೆಯೆಂದು ಅರಿತ ಅಧಿಕಾರ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳದೆ ಬಿಡುವುದುಂಟೆ? 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯ ಕಥೆಗಳ ಸರಪಣಿಚಿತ್ರಗಳು ನಿಷಿದ್ಧವಾದವು. ಆ ಬಿರುಗಾಳಿ ತಗ್ಗಿದ ಮೇಲೆ, 1979ರಲ್ಲಿ, 'ಮೇಪಲ್' ಎಂಬ ಕಥೆಯನ್ನು ಮೂವರು ಯುವ ಕಲಾವಿದರು ಸರಪಣಿಚಿತ್ರವಾಗಿಸಿದರು. ಕ್ರಾಂತಿಯ ಎರಡು ಪಂಗಡಗಳಲ್ಲಿ ಸಿಲುಕಿ ಹಾಳಾದ ಪ್ರೇಮಿಗಳ ಕಥೆ. ಆ ಸಂಚಿಕೆಯ ಮಾರಾಟವನ್ನು ಕೆಲಕಾಲ ತಡೆಹಿಡಿಯಲಾಯಿತು. ಕಾರಣ ಬರಹವಲ್ಲ. ಖಳರೆಂದು ಘೋಷಿತರಾಗಿದ್ದ ನಾಯಕರ ಮುಖಗಳನ್ನು ವಿಕಾರಗೊಳಿಸದೆ, ಆ ಕಾಲದಲ್ಲಿ ಜನ ಕಂಡಂತೆಯೇ ಬರೆದಿದ್ದರು! ಬಳಿಕ ಮಾರಾಟಕ್ಕೆ ಅನುಮತಿ ದೊರೆಯಿತು. ಇಲ್ಲಿಯೂ ತೊಡಕಾದದ್ದು ಮುಖವೇ.

ಪಶ್ಚಿಮದಲ್ಲಿ ಇದೇ ಭಯ ಇನ್ನೊಂದು ರೂಪದಲ್ಲಿ ಕಾಣಿಸಿತು. 1963ರಲ್ಲಿ ಅಮೆರಿಕದ ಮಾರಿಸ್ ಸೆಂಡಾಕ್, ತುಂಟತನಕ್ಕಾಗಿ ರಾತ್ರಿಯೂಟವಿಲ್ಲದೆ ಕೋಣೆಗೆ ತಳ್ಳಲ್ಪಟ್ಟ ಬಾಲಕನ ಕಥೆಯನ್ನು ಚಿತ್ರಿಸಿದ. ಹುಡುಗನ ಕೋಪ ಬೆಳೆದಂತೆ ಪುಟದಲ್ಲಿ ಚಿತ್ರ ಹಿಗ್ಗುತ್ತದೆ, ಅಕ್ಷರ ಕುಗ್ಗುತ್ತದೆ; ದೈತ್ಯಮೃಗಗಳೊಡನೆ ಅವನು ಕುಣಿಯುವಾಗ ಅಕ್ಷರಕ್ಕೆ ಜಾಗವೇ ಇಲ್ಲ. ಕೋಪ ಇಳಿದು ಮನೆಗೆ ಮರಳಿದಾಗ ಬಿಸಿಯೂಟ ಕಾದಿರುತ್ತದೆ. ಮಕ್ಕಳು ಬೆದರುತ್ತಾರೆಂದು ಕೆಲವು ಹಿರಿಯರು ಆಕ್ಷೇಪಿಸಿದರು. ಮಕ್ಕಳೋ ಪುಸ್ತಕವನ್ನು ಎದೆಗಪ್ಪಿಕೊಂಡರು. ಮುಂದಿನ ವರ್ಷ ಅದಕ್ಕೆ ದೊರೆತ ಪದಕವು ಕಾಲ್ಡೆಕಾಟನ ಹೆಸರಿನದೇ.

ಈ ಸುದೀರ್ಘ ಕಥೆಗೆ ನಮ್ಮ ಭಾಷೆಯೂ ಒಂದೆಡೆ ತಗುಲಿಕೊಂಡಿದೆ. ಪುರಾಣಕಥೆಗಳಿಂದ ಹೆಸರಾದ 'ಅಮರ ಚಿತ್ರ ಕಥೆ' ಮಾಲೆಯ ಮೊದಲ ಹತ್ತು ಸಂಚಿಕೆಗಳು ಹೊರಬಂದದ್ದು ಕನ್ನಡದಲ್ಲಿ. ಅವು ಪಾಶ್ಚಾತ್ಯ ಅದ್ಭುತಕಥೆಗಳ ಅನುವಾದಗಳು. ಇಂದು ಚೀನೀ ಮಕ್ಕಳೂ ಕನ್ನಡದ ಮಕ್ಕಳೂ ಪರದೇಶದ ಚಿತ್ರಪುಸ್ತಕಗಳನ್ನು ತಂತಮ್ಮ ನುಡಿಯಲ್ಲಿ ಓದುತ್ತಾರೆ. ಚಿತ್ರಗಳು ಬೆರಳ ತುದಿಗೆ ಬಂದಿರುವ ಈ ಕಾಲದಲ್ಲಿ, ಮಕ್ಕಳು ಅಕ್ಷರವನ್ನು ಮರೆತಾರೆಂಬ ಆತಂಕ ಹಿರಿಯರಲ್ಲಿದೆ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಓಡುವ ಚಿತ್ರವೇ ಬೇರೆ, ಪುಟದ ಮೇಲೆ ನಿಂತ ಚಿತ್ರವೇ ಬೇರೆ. ನಿಂತ ಚಿತ್ರ ನಮ್ಮನ್ನೂ ನಿಲ್ಲಿಸುತ್ತದೆ. ಕೆಳಗಿನ ಬರಹ ನಿಜವೋ ಸುಳ್ಳೋ ಎಂದು ಕಣ್ಣು ಮೇಲೂ ಕೆಳಗೂ ಓಡಾಡಿ ತೂಗಿನೋಡಲು ಅಲ್ಲಿ ಬಿಡುವಿದೆ.

ವಿಮರ್ಶೆಯೆಂದರೆ ಕೊನೆಗೂ ಈ ಓಡಾಟವೇ ಅಲ್ಲವೇ? ಹೇಳಿದ 'ಮಗು' ಎಂಬ ಮಾತಿಗೂ ಕಾಣುವ ಮಗುವಿನ ಮುಖಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ಕೇಳಿಕೊಳ್ಳುವುದು. ಷೋಡಶೋಪಚಾರದ ಕಾವ್ಯಮೀಮಾಂಸೆ ಕಲಿಯುವುದಕ್ಕೆ ಮೊದಲೇ, ಗಿಲಕಿ ಹಿಡಿದ ಮಗುವಿನ ಚಿತ್ರದ ಮುಂದೆ ಚೀನಾದ ಬಾಲಕನೊಬ್ಬ ಅದನ್ನು ತಾನಾಗಿ ಕಲಿತ. ಆದ್ದರಿಂದ ಮಗು ಚಿತ್ರವನ್ನು ದಿಟ್ಟಿಸುತ್ತ ಕುಳಿತಾಗ ನಾವು ಅವಸರಪಡಿಸದಿದ್ದರೆ ಒಳ್ಳೆಯದು. ಪುಟವನ್ನು ಅದು ತನಗೆ ಬೇಕಾದಾಗ ತಿರುವಲಿ.